ಹುಲ್ಲಿನ ತೂಕಕ್ಕೆ ‘ಜೀವರಾಶಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿರಸಿ ಕಡೆ, ಇರುವುದು ಪುಣೆಯಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಗೆಳೆಯರ ಜೊತೆ ಸಾತಾರಾ ಕಡೆಯ ಘಟ್ಟಗಳಿಗೆ ಗಿಡ, ಹುಲ್ಲುಗಳ ಲೆಕ್ಕ ಹಿಡಿಯಲು ಹೋಗುತ್ತೇನೆ. ಆ ಕೆಲಸದ ಬಗ್ಗೆ ಪುಣೆಯ ಕನ್ನಡ ಮಕ್ಕಳಿಗೆ ನಾಲ್ಕು ಪುಟ ಬರೆಯಲು ಕೂತೆ. ಪದ ಸಿಗದೆ ಅರ್ಧಕ್ಕೇ ನಿಂತಿದೆ.

ಕೆಲಸ ಇಷ್ಟು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟನ್ನು ನೆಲದ ಮೇಲೆ ಇಡುತ್ತೇವೆ. ನೆಟ್ಟಗೆ ಮೇಲಿನಿಂದ ನೋಡಿ, ಎಲೆಗಳು ನೂರಕ್ಕೆ ಎಷ್ಟು ಪಾಲು ನೆಲ ಮುಚ್ಚಿವೆ ಅಂತ ಬರೆದುಕೊಳ್ಳುತ್ತೇವೆ. ಆಮೇಲೆ ಒಳಗಿನ ಹುಲ್ಲನ್ನು ಬುಡಕ್ಕೆ ಕೊಯ್ದು, ತೂಕ ಇಳಿಯುವುದು ನಿಲ್ಲುವ ತನಕ ಓವನ್‌ನಲ್ಲಿ ಒಣಗಿಸಿ ತೂಗುತ್ತೇವೆ. ಕೊಯ್ಯುವುದು ರೈತರು ಒಪ್ಪಿದ ಜಾಗದಲ್ಲಿ ಮಾತ್ರ.

ಮುಚ್ಚಿದ ಪಾಲಿಗೆ ‘ಹೊದಿಕೆ’ ಸಾಕು ಅನ್ನಿಸಿದೆ. ಕಾಡಿನಲ್ಲಿ ಮರ, ಪೊದೆ, ನೆಲದ ಸೊಪ್ಪು ಬೇರೆ ಬೇರೆ ಅಳೆದು ಕೂಡಿಸಿದರೆ ನೂರು ದಾಟುತ್ತದೆ. ಆದರೂ ತೊಂದರೆ ಇಲ್ಲ. ಚಳಿ ಜಾಸ್ತಿಯಾದರೆ ಕಂಬಳಿ ಮೇಲೆ ಕಂಬಳಿ ಹೊದೆಯುತ್ತೇವೆ, ಅಲ್ವಾ?

ಕಷ್ಟ ಇರುವುದು ತೂಕದ ಪದದಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಬಯೋಮಾಸ್’ ಅನ್ನುತ್ತಾರೆ; ಪಠ್ಯಪುಸ್ತಕಗಳಲ್ಲಿ ‘ಜೀವರಾಶಿ’ ಅಂತ ಓದಿದ್ದೇನೆ. ನಮ್ಮ ಕಿವಿಗೆ ಜೀವರಾಶಿ ಅಂದರೆ ಇರುವೆಯಿಂದ ಆನೆ ತನಕ ಎಲ್ಲ ಜೀವಿಗಳೂ. ‘ಒಂದು ಚದರ ಮೀಟರಿನ ಜೀವರಾಶಿಯನ್ನು ಒಣಗಿಸಿ ತೂಗಿದೆವು’ ಅಂತ ಬರೆದು ಓದಿ ನೋಡಿದೆ. ನನಗೇ ಹೆದರಿಕೆಯಾಯಿತು. ಸುಮ್ನೆ ‘ಒಣತೂಕ’ ಅಂದರೆ ಆಗದಾ?

ಹೊದಿಕೆ ಬೇರೆ, ತೂಕ ಬೇರೆ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇಣದ (ಊರಿನ ಹುಲ್ಲುಗಾವಲಿನ) ಹುಲ್ಲು ನೋಡಿ ಅಮ್ಮ ಹೇಳುತ್ತಿದ್ದಳು: ‘ಮೇಲಿಂದ ಕಂಡರೆ ಹಸಿರೋ ಹಸಿರು, ಕತ್ತಿ ಹಾಕಿದರೆ ಒಂದು ಹೊರೆಯೂ ಆಗುವುದಿಲ್ಲ.’ ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಯಲ್ಲಿ ನಿಂತಾಗ ಈ ಮಾತು ನೆನಪಾಗುತ್ತದೆ. ಸುಮಾರು 1,200 ಮೀಟರ್ ಎತ್ತರದ ಮುರಕಲ್ಲಿನ ಹಾಸು. ಮೇಲೆ ತೆಳ್ಳಗೆ ಮಣ್ಣು. ಸೆಪ್ಟೆಂಬರಿನಲ್ಲಿ ಕಣ್ಣು ತುಂಬ ಹೂವು, ಆದರೆ ಬಹಳಷ್ಟು ಗಿಡಗಳು ಗೇಣುದ್ದವೂ ಇಲ್ಲ.

ಇನ್ನು ‘ಉತ್ಪಾದಕತೆ’, ಅಂದರೆ ಒಂದು ವರ್ಷದಲ್ಲಿ ಗಿಡಗಳು ಹೊಸದಾಗಿ ಎಷ್ಟು ಬೆಳೆದವು ಅನ್ನುವ ಲೆಕ್ಕ. ಕೇಳಿದರೆ ಕಾರ್ಖಾನೆಯೇ ಕಣ್ಣಿಗೆ ಬರುತ್ತದೆ. ‘ಇಳುವರಿ’ ನಾವು ಮನೆಗೆ ತರುವ ಪಾಲು. ಇಲ್ಲಿ ಮಿಡತೆ ತಿಂದದ್ದು, ಉದುರಿ ಮಣ್ಣು ಸೇರಿದ್ದು ಕೂಡ ಲೆಕ್ಕಕ್ಕೆ ಬರಬೇಕು. ನಿಂತಿರುವ ತೂಕವೂ ಇದಲ್ಲ. ಹಳೆಯ ದಟ್ಟ ಕಾಡಿನಲ್ಲಿ ತೂಕ ಬಹಳ, ಆದರೆ ಅದರಲ್ಲಿ ಈ ವರ್ಷ ಬೆಳೆದದ್ದು ಸ್ವಲ್ಪ ಪಾಲು. ಹುಲ್ಲುಗಾವಲಿನಲ್ಲಿ ತೂಕ ಕಡಿಮೆ, ಆದರೆ ನೆಲದ ಮೇಲಿರುವುದು ಹೆಚ್ಚುಕಡಿಮೆ ಎಲ್ಲ ಈ ವರ್ಷದ್ದೇ. ನಿಂತಿರುವ ತೂಕ ಗಂಟು, ವರ್ಷದಲ್ಲಿ ಬೆಳೆದದ್ದು ಗಳಿಕೆ. ‘ವರ್ಷದ ಹುಲುಸು’ ಅಂತ ಬರೆಯಲು ಮನಸ್ಸಿದೆ. ಆದರೆ ‘ಇಷ್ಟು ಗ್ರಾಂ ಹುಲುಸು’ ಅನ್ನುವುದು ಕನ್ನಡಕ್ಕೆ ಒಗ್ಗುತ್ತದಾ?

ನಮ್ಮ ಕಡೆ ಇದೇ ಲೆಕ್ಕದ ಮೇಲೆ ಬದುಕೇ ನಡೆದಿದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು) ಅಂತಿತ್ತು. ವರ್ಷಕ್ಕೆ ಬೆಟ್ಟ ಎಷ್ಟು ಸೊಪ್ಪು ಕೊಡುತ್ತದೆ ಅನ್ನುವುದಕ್ಕೆ ಹಳಬರು ಒಂದು ಪದ ಇಟ್ಟುಕೊಂಡಿರಲೇಬೇಕು. ಶಿರಸಿ, ಸಾಗರ, ಕೊಡಗು, ಮೂಡಿಗೆರೆ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ.

ಇನ್ನೊಂದು ಇದೆ. ಕಾಸ್‌ನಂಥ ಕಲ್ಲುಹಾಸಿನ ಬಯಲಿಗೆ ಮರಾಠಿಯಲ್ಲಿ ‘ಸಡಾ’ ಅನ್ನುತ್ತಾರೆ. ಮಂಗಳೂರು ಕಡೆಯ ‘ಪದವು’ ಇದೇ ಅಂತ ನನ್ನ ಎಣಿಕೆ. ಘಟ್ಟದ ಮೇಲೂ ಯಾರಾದರೂ ‘ಪದವು’ ಅನ್ನುತ್ತಾರಾ? ಅನ್ನುವುದಾದರೆ ಯಾವ ಊರಿನಲ್ಲಿ ಕೇಳಿದಿರಿ ಅಂತಲೂ ಬರೆಯಿರಿ.