ಕದ್ರಿಯವರ ದಾರಿಯಿಂದ ವಾಲಗದ ಸ್ಯಾಕ್ಸೊಫೋನ್‌ನವರು ಏನು ಕಲಿಯಬಹುದು?

ಮುಳಬಾಗಿಲು ವಾಲಗ:
ಎಲ್ಲರಿಗೂ ನಮಸ್ಕಾರ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಮದುವೆಗಳಲ್ಲಿ ಈಗ ಡೋಲಿನ ಪಕ್ಕ ನಾಗಸ್ವರದ ಜೊತೆಗೋ ಅದರ ಬದಲಿಗೋ ಸ್ಯಾಕ್ಸೊಫೋನ್ ಕೇಳ್ತಾರೆ. ಆರತಕ್ಷತೆಯ ಸಿನಿಮಾ ಹಾಡು ಹೇಗೋ ನಡೆಯುತ್ತೆ. ಆದರೆ ಮುಹೂರ್ತಕ್ಕೆ ಮುಂಚೆ ಅರ್ಧ ಗಂಟೆ ಒಂದು ರಾಗ ನಿಲ್ಲಿಸಿ ನುಡಿಸೋದು ಬೇರೆ ಕೆಲಸ. ಸ್ಯಾಕ್ಸೊಫೋನ್‌ನಲ್ಲೇ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರು ಅದನ್ನು ಸಾಧಿಸಿದ್ದು ಹೇಗೆ? ಹತ್ತಿರದಲ್ಲಿ ಸ್ಯಾಕ್ಸೊಫೋನ್ ಗುರುಗಳು ಸಿಗದವರು ಅವರ ದಾರಿಯಲ್ಲಿ ಎಲ್ಲಿಂದ ಶುರು ಮಾಡಬೇಕು?

ತಂಬೂರಿ ಕೋಲಾರ:
ಗುರು ಸಿಗಲ್ಲ ಅನ್ನೋ ಚಿಂತೆಗೆ ಅವರ ಜೀವನದಲ್ಲೇ ಉತ್ತರ ಇದೆ ಸಾರ್. ತಂದೆ ತನಿಯಪ್ಪನವರು ನಾಗಸ್ವರದವರು, ಮೊದಲ ಪಾಠ ಅಲ್ಲೇ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನಾದ ಕೇಳಿ ಮನಸೋತ ಮೇಲೆ ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಹತ್ತಿರ ಕಲಿತರು. ಆಮೇಲೆ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಟಿ.ವಿ.ಜಿ. ಹಾಡುಗಾರರು, ಮೃದಂಗ ವಿದ್ವಾಂಸರು, ಸ್ಯಾಕ್ಸೊಫೋನ್‌ನವರಲ್ಲ. ಬೆರಳು ಎಲ್ಲಿ ಇಡಬೇಕು ಅನ್ನೋದನ್ನು ಶಿಷ್ಯರೇ ಹುಡುಕಿಕೊಳ್ಳಬೇಕಿತ್ತು.

ಹಾಗಾಗಿ ನಿಮ್ಮೂರಿನ ಒಳ್ಳೆಯ ಹಾಡುಗಾರರ ಹತ್ತಿರ ಹೋಗಿ. ವಾದ್ಯವನ್ನು ಮನೆಯಲ್ಲೇ ಬಿಟ್ಟು ಹೋಗಿ. ಒಂದು ಆವರ್ತ (ತಾಳದ ಒಂದು ಸುತ್ತು) ಬಾಯಲ್ಲಿ ಹಾಡಿ ಒಪ್ಪಿಸಿದ ಮೇಲೆ ಮನೆಗೆ ಬಂದು ಅದನ್ನೇ ಊದಿ. ಫೋನಿನಲ್ಲಿ ಎರಡನ್ನೂ ರೆಕಾರ್ಡ್ ಮಾಡಿ ಒಂದಾದ ಮೇಲೊಂದು ಕೇಳಿದರೆ, ಗಮಕ, ಅಂದರೆ ಸ್ವರದ ಓಲಾಟ, ಎಲ್ಲಿ ಚಪ್ಪಟೆ ಆಯ್ತು ಅಂತ ಯಾರೂ ಹೇಳಬೇಕಾಗಿಲ್ಲ.

ನಾಗಸ್ವರದಿಂದ ಬಂದವರು ಎರಡು ಕಡೆ ಎಡವುತ್ತಾರೆ. ನಾಗಸ್ವರದ ರಂಧ್ರವನ್ನು ಬೆರಳಿಂದ ಅರ್ಧ ಮುಚ್ಚಬಹುದು. ಸ್ಯಾಕ್ಸೊಫೋನ್‌ನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಬೆರಳಲ್ಲಿ ಒತ್ತುವ ಕೀ, ರಂಧ್ರ ಮುಚ್ಚುವ ಪ್ಯಾಡ್ ಇವೆ. ಆದ್ದರಿಂದ ಕೀಯನ್ನು ಪಟ್ಟನೆ ಬಿಡದೆ ನಿಧಾನವಾಗಿ ಎತ್ತಬೇಕು, ಜೊತೆಗೆ ತುಟಿ ಸಡಿಲಿಸಬೇಕು. ತುಟಿಯಿಂದ ಸ್ವರವನ್ನು ಕೆಳಗೆ ಎಳೆಯೋದು ಸುಲಭ, ಮೇಲಕ್ಕೆ ಎತ್ತೋದು ಕಷ್ಟ. ಅದಕ್ಕೇ ಗಮಕವನ್ನು ಮೇಲಿನ ಸ್ವರದಿಂದ ಇಳಿಸಿ ಅಭ್ಯಾಸ ಮಾಡಿ. ಎರಡನೇದು ಕಚ್ಚೋದು. ರೀಡನ್ನು (ಬಾಯಲ್ಲಿಡುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ) ದವಡೆಯಿಂದ ಬಿಗಿಯಾಗಿ ಒತ್ತಿದರೆ ಶ್ರುತಿ ಏರುತ್ತೆ, ನಾದ ಕಿರಿದಾಗುತ್ತೆ. ಎರಡು ಅಥವಾ ಎರಡೂವರೆ ನಂಬರಿನ ರೀಡ್‌ನಿಂದ ಶುರು ಮಾಡಿ. ನಂಬರು ದೊಡ್ಡದಾದಷ್ಟು ರೀಡ್ ಗಡಸು; ಗಡಸು ರೀಡ್ ಹಾಕಿದವರೇ ಹೆಚ್ಚು ಕಚ್ಚೋದು.

ಶ್ರುತಿಪೆಟ್ಟಿಗೆ:
ಷಡ್ಜ (ಸ) ಎಲ್ಲಿ ಇಡ್ತೀರಿ ಅನ್ನೋದನ್ನು ಮೊದಲ ದಿನವೇ ತೀರ್ಮಾನ ಮಾಡಿ. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಪಾಶ್ಚಾತ್ಯ ಸಿ ಸ್ವರದ ಬೆರಳು ಹಿಡಿದರೆ ಕೇಳಿಸೋದು ಇ ಫ್ಲಾಟ್, ಅಂದರೆ ನಮ್ಮ ಎರಡೂವರೆ ಶ್ರುತಿ. ಅತಿ ಕೆಳಗಿನ ಸಿ ಬೆರಳಿಗೆ ಷಡ್ಜ ಇಟ್ಟರೆ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಎರಡು ನಿಷಾದ ಬಿಟ್ಟು ಏನೂ ಉಳಿಯಲ್ಲ. ಮಧ್ಯದ ಸಿಗೆ ಇಟ್ಟರೆ ಮಾಮೂಲಿ ಕೀಗಳಲ್ಲಿ ತಾರದ (ಮೇಲಿನ ಸ್ಥಾಯಿಯ) ಪಂಚಮವೇ ಸಿಗಲ್ಲ.

ನನ್ನ ಪ್ರಕಾರ ಕೆಳಗಿನ ಜಿ ಬೆರಳಿಗೆ ಷಡ್ಜ ಇಡೋದು ಸರಿ, ಎಡಗೈಯ ಮೂರು ಬೆರಳು. ಶ್ರುತಿ ಆರೂವರೆ ಆಗುತ್ತೆ. ಮಂದ್ರ ಪಂಚಮಕ್ಕಿಂತ ಕೆಳಗೂ ಇಳಿಯಬಹುದು, ತಾರ ಪಂಚಮ ದಾಟಿಯೂ ಹೋಗಬಹುದು.

ಇದರಲ್ಲೂ ಒಂದು ತೊಡಕಿದೆ. ಶುದ್ಧ ಮಧ್ಯಮ ಸಿ ಆಗುತ್ತೆ, ಒಂದೇ ಬೆರಳು. ಪಂಚಮ ಡಿ ಆಗುತ್ತೆ, ಆರು ಬೆರಳು ಮತ್ತು ಸ್ಥಾಯಿ ಏರಿಸುವ ಹೆಬ್ಬೆರಳಿನ ಆಕ್ಟೇವ್ ಕೀ. ಶಂಕರಾಭರಣ ರಾಗದ ಮಧ್ಯಮ ಪಂಚಮವನ್ನು ಮುಟ್ಟಿ ಮುಟ್ಟಿ ಬರಬೇಕು; ಅಲ್ಲಿ ಆರು ಬೆರಳು ಒಟ್ಟಿಗೆ ಬೀಳದೆ ನಡುವೆ ಬೇಡದ ಸ್ವರ ಚಿಮ್ಮುತ್ತೆ. ಗಮಕದೊಳಗಿನ ಪಂಚಮಕ್ಕೆ ಆಕ್ಟೇವ್ ಕೀ ಒತ್ತದೆ ಎಡ ಅಂಗೈಯ ಡಿ ಕೀ ಬಳಸಿ. ನಾದ ಸ್ವಲ್ಪ ಬೇರೆ, ಆದರೆ ಓಲಾಟಕ್ಕೆ ಸಾಕು. ನಿಲ್ಲಿಸುವ ಪಂಚಮವನ್ನು ಮಾತ್ರ ಪೂರ್ತಿ ಬೆರಳಿನಲ್ಲೇ ಹಿಡೀರಿ.

ಹಳೇ ಬ್ಯಾಂಡ್:
ಕದ್ರಿಯವರು ಕೀಗಳಲ್ಲಿ ಮಾರ್ಪಾಡು ಮಾಡಿಕೊಂಡರು ಅಂತ ಕೇಳಿ ಕೆಲವರು ಹೊಸ ವಾದ್ಯ ತಂದ ತಿಂಗಳಲ್ಲೇ ಸ್ಕ್ರೂ ಬಿಚ್ಚುತ್ತಾರೆ. ದಯವಿಟ್ಟು ಬೇಡ. ಯಾವ ಗಮಕಕ್ಕೆ ಯಾವ ಕೀ ಅಡ್ಡ ಬರುತ್ತೆ ಅನ್ನೋದು ವರ್ಷಗಟ್ಟಲೆ ಊದಿದವರಿಗೇ ಗೊತ್ತು. ಒಂದು ಪ್ಯಾಡ್ ಗಾಳಿ ಬಿಟ್ಟರೆ ಅದರಿಂದ ಕೆಳಗಿನ ಸ್ವರಗಳೆಲ್ಲ ಒಡೆಯುತ್ತವೆ.

ಮುಳಬಾಗಿಲು ವಾಲಗ:
ತುಂಬಾ ಉಪಯೋಗ ಆಯ್ತು. ಇನ್ನೊಂದು ಪ್ರಶ್ನೆ. ಚಳಿಗಾಲದಲ್ಲಿ ಬೆಳಗಿನ ಜಾವ ಸುಪ್ರಭಾತದ ಹೊತ್ತಿಗೆ ಶ್ರುತಿ ಕೂಡಿಸಿದರೂ ಮುಹೂರ್ತಕ್ಕೆ ತಪ್ಪುತ್ತೆ. ಮಾಯಾಮಾಳವಗೌಳ ರಾಗದ ರಿಷಭ ಕೆಲವೊಮ್ಮೆ ಬರೋದೇ ಇಲ್ಲ. ಕೊನೆಗೆ, ಮದುವೆ ಕೆಲಸ ಬಿಟ್ಟು ಸಂಗೀತ ಕಚೇರಿ ಕಡೆ ಹೋಗಬೇಕೋ?

ಚಿಂತಾಮಣಿ ರಸಿಕ:
ಶ್ರುತಿ ತಪ್ಪೋದು ವಾದ್ಯದೊಳಗಿನ ಗಾಳಿಯಿಂದ. ಗಾಳಿ ತಣ್ಣಗಿದ್ದರೆ ಶಬ್ದದ ವೇಗ ಕಡಿಮೆ, ಶ್ರುತಿ ಇಳಿಯುತ್ತೆ. ಆಗ ಮೌತ್‌ಪೀಸ್ (ಬಾಯಲ್ಲಿಡುವ ತುದಿ) ಒಳಗೆ ತಳ್ಳಿ ಕೂಡಿಸಿದರೆ, ಊದುತ್ತಾ ವಾದ್ಯ ಬೆಚ್ಚಗಾದ ಮೇಲೆ ಶ್ರುತಿ ಏರಿಬಿಡುತ್ತೆ. ಮೊದಲು ಹತ್ತು ನಿಮಿಷ ಮಂದ್ರದಲ್ಲಿ ಉದ್ದ ಸ್ವರ ಊದಿ, ಆಮೇಲೆ ಶ್ರುತಿಪೆಟ್ಟಿಗೆಗೆ ಕೂಡಿಸಿ. ಡೋಲಿನವರು ತನಿ (ತಾಳವಾದ್ಯದ ಒಂಟಿ ವಾದನ) ನುಡಿಸುವಾಗ ವಾದ್ಯ ಸ್ಟ್ಯಾಂಡಿನಲ್ಲಿ ತಣ್ಣಗಾಗದಂತೆ ಕೈಯಲ್ಲೇ ಹಿಡಿದು ಸದ್ದಿಲ್ಲದೆ ಬೆಚ್ಚನೆ ಉಸಿರು ಬಿಡ್ತಾ ಇರಿ.

ರಿಷಭದ ವಿಷಯ: ಷಡ್ಜ ಜಿ ಆದರೆ ಶುದ್ಧ ರಿಷಭ ಜಿ ಶಾರ್ಪ್, ಎಡ ಕಿರುಬೆರಳಿನ ಕೀ. ಆ ಪ್ಯಾಡ್ ಸದಾ ಮುಚ್ಚಿಕೊಂಡೇ ಇರೋದರಿಂದ ಅಂಟೋದು ಜಾಸ್ತಿ. ಲಾಡು, ಹೋಳಿಗೆ ತಿಂದು ಬಾಯಿ ತೊಳೆಯದೆ ಊದಿದರೆ ಎಂಜಲಿನ ಸಕ್ಕರೆ ಅಲ್ಲೇ ಕೂರುತ್ತೆ. ತೆಳು ಕಾಗದವನ್ನು ಪ್ಯಾಡ್ ಕೆಳಗಿಟ್ಟು, ಮೆಲ್ಲಗೆ ಒತ್ತಿ ತೇವ ಹೀರಿಸಿ. ಎಣ್ಣೆ ಮಾತ್ರ ಹಾಕಬೇಡಿ, ಪ್ಯಾಡಿನ ಚರ್ಮ ಹಾಳಾಗುತ್ತೆ. ಪ್ರತಿ ಸಲ ಬಟ್ಟೆ ಎಳೆದು ಒಳಗೆ ಒರೆಸಿ. ಮೂರು ನಾಲ್ಕು ರೀಡ್ ಸರದಿಯಲ್ಲಿ ಬಳಸಿ.

ಮದುವೆ ಬಿಡಬೇಡಿ. ಕದ್ರಿಯವರಿಗೆ 1980ರ ಬಾಂಬೆ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸುವ ಅವಕಾಶ ಬಂತು; ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿ 1994ರಲ್ಲಿ; ಪದ್ಮಶ್ರೀ 2004ರಲ್ಲಿ. ಒಂದೊಂದಕ್ಕೂ ನಡುವೆ ಎಷ್ಟು ವರ್ಷ ನೋಡಿ. ನಿಮಗೆ ಸುಪ್ರಭಾತದ ಹೊತ್ತಿನ ಅರ್ಧ ಗಂಟೆ ಇದೆ, ಆಗ ಸಿನಿಮಾ ಹಾಡು ಯಾರೂ ಕೇಳಲ್ಲ. ಒಂದು ಮದುವೆ ಸೀಸನ್ ಪೂರ್ತಿ ಅಲ್ಲಿ ಒಂದೇ ರಾಗ ನುಡಿಸಿ, ಭೂಪಾಳ ಅಥವಾ ಬೌಳಿ. ಎರಡರಲ್ಲೂ ಮಧ್ಯಮ ಇಲ್ಲ, ಆ ಮಧ್ಯಮ-ಪಂಚಮದ ಓಲಾಟ ಸದ್ಯಕ್ಕೆ ಕಾಡಲ್ಲ. ಮುಂದಿನ ಸೀಸನ್ನಿಗೆ ಶಂಕರಾಭರಣ ತಗೊಳ್ಳಿ. ಅದು ನಿಂತ ಮೇಲೆ ಆಕಾಶವಾಣಿಯ ಆಡಿಷನ್‌ಗೆ ಅರ್ಜಿ ಹಾಕಿ. ಅಲ್ಲಿ ಕಲಾವಿದರಿಗೆ ಕೊಡುವ ದರ್ಜೆ ಗ್ರೇಡ್ ಬಿ ಇಂದ ಶುರು. ಕೈವಾರದ ಗುರುಪೂರ್ಣಿಮೆ ಸಂಗೀತೋತ್ಸವವೂ ಹತ್ತಿರದಲ್ಲೇ ಇದೆ, ಮೊದಲು ಕೇಳೋಕೆ ಹೋಗಿ ಬನ್ನಿ.