"ತಾತ ಏನು ಅಂಗಡಿಯವರಾ?"

ಮಕ್ಕಳ ಕನ್ನಡದಲ್ಲಿ ವ್ಯಾಕರಣ ತಪ್ಪಿದಾಗ ತಿದ್ದಬೇಕಾ, ಸುಮ್ನೆ ಬಿಡಬೇಕಾ ಅಂತ ಮಾತು ನಡೆಯುತ್ತಿದೆ ಅಲ್ವಾ, ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ನಾವಿರೋದು ಮ್ಯೂನಿಕ್‌ನಲ್ಲಿ. ಮಗಳಿಗೆ ಆರು ವರ್ಷ. ಹೊರಗೆ ಜರ್ಮನ್, ಮನೆಯಲ್ಲಿ ಕನ್ನಡ.

ಹೋದ ತಿಂಗಳು ಮೈಸೂರಿನಿಂದ ಅಪ್ಪ ವಿಡಿಯೋ ಕಾಲ್ ಮಾಡಿದ್ದರು. ಇವಳು "ತಾತ, ನೀನು ಊಟ ಮಾಡಿದೆಯಾ?" ಅಂದಳು. "ನೀವು ಅನ್ನು" ಅಂದೆ. "ತಾತ, ನೀವು ಊಟ ಮಾಡಿದೆಯಾ?" "ಮಾಡಿದಿರಾ ಅನ್ನಬೇಕು ಪುಟ್ಟಿ." ಆಮೇಲೆ "ಚಿತ್ರ ಬರೆದು ಟೀಚರ್‌ಗೆ ಕೊಡಿದೆ" ಅಂದಳು. "ಕೊಟ್ಟೆ" ಅಂತ ಮತ್ತೆ ಬಾಯಿ ಹಾಕಿದೆ. ಫೋನ್ ನನ್ನ ಕೈಗಿಟ್ಟು ರೂಮಿಗೆ ಹೋಗಿಬಿಟ್ಟಳು. ಅದು ಯಾವ ಚಿತ್ರ ಅಂತ ಅಪ್ಪನಿಗೆ ಗೊತ್ತಾಗಲೇ ಇಲ್ಲ. ಬೈಸಿಕೊಂಡವಳು ನಾನು.

ರಾತ್ರಿ ಕೇಳಿದರೆ ಅವಳ ಲೆಕ್ಕವೇ ಬೇರೆ. ಜರ್ಮನ್‌ನಲ್ಲಿ ಮನೆಯವರಿಗೆಲ್ಲ ‘ಡು’, ಅಂದರೆ ನೀನು, ಅಜ್ಜಿ ತಾತನಿಗೂ ಅದೇ. ‘ಜೀ’, ಅಂದರೆ ನೀವು, ಅನ್ನೋದು ಪರಿಚಯ ಇಲ್ಲದ ದೊಡ್ಡವರಿಗೆ, ಅಂಗಡಿಯವರಿಗೆ. "ತಾತ ಏನು ಅಂಗಡಿಯವರಾ?" ಅಂದಳು. ತಾತನನ್ನು ದೂರ ಇಡೋಕೆ ಅವಳಿಗೆ ಇಷ್ಟ ಇರಲಿಲ್ಲ, ಅಷ್ಟೇ. ನಮ್ಮ ‘ನೀವು’ ಮನೆಯೊಳಗೂ ಓಡಾಡುತ್ತದೆ, ಪ್ರೀತಿ ಇರುವ ಕಡೆಯೂ ಇರುತ್ತದೆ ಅಂತ ಹೇಳಿದೆ. ಆದರೆ ನಾನೇ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಅಂದುಕೊಂಡು ಬೆಳೆದವಳು. ಯಾಕೆ ಹಾಗೆ ಅಂದರೆ ಉತ್ತರ ಎಲ್ಲಿಂದ ತರಲಿ?

‘ಕೊಡಿದೆ’ ಅಂದದ್ದನ್ನೂ ಕೂತು ಯೋಚಿಸಿದೆ. ನೋಡು, ನೋಡಿದೆ. ಹಾಡು, ಹಾಡಿದೆ. ಹಾಗಾದರೆ ಕೊಡು, ಕೊಡಿದೆ! ಮಗು ನಿಯಮ ಕಲಿತಿದೆ, ಅದನ್ನೇ ಎಲ್ಲ ಕಡೆ ಹಚ್ಚುತ್ತಿದೆ. ಮಜಾ ಏನು ಗೊತ್ತಾ, ನೋಡು, ಕೊಡು ಥರ ‘ಡು’ ಅಂತ ಮುಗಿಯುವ ಎರಡಕ್ಷರದ ಪದಗಳಲ್ಲಿ ಮೊದಲ ಅಕ್ಷರ ದೀರ್ಘವಾದರೆ ನೋಡಿದೆ, ಮಾಡಿದೆ, ಬೇಡಿದೆ. ಹ್ರಸ್ವವಾದರೆ ಕೊಟ್ಟೆ, ಬಿಟ್ಟೆ, ಇಟ್ಟೆ, ಸುಟ್ಟೆ, ನೆಟ್ಟೆ. ಇಷ್ಟು ವರ್ಷ ಸರಿಯಾಗಿ ಮಾತಾಡಿದ್ದೇನೆ, ಇದು ಕಣ್ಣಿಗೆ ಬಿದ್ದಿದ್ದು ಈಗ. ಇಂಥ ತಪ್ಪಿಗೆ ಈಗ ಅಡ್ಡ ಬಾಯಿ ಹಾಕಲ್ಲ. "ಹೌದಾ, ಕೊಟ್ಟೆಯಾ? ಟೀಚರ್ ಏನಂದರು?" ಅಂತೀನಿ. ಸರಿಯಾದ ರೂಪ ಕಿವಿಗೆ ಬಿದ್ದಂತಾಯಿತು, ಮಾತೂ ನಿಲ್ಲಲಿಲ್ಲ.

ನೀನು-ನೀವು ಮಾತ್ರ ಬಿಡಲ್ಲ. ‘ಕೊಡಿದೆ’ ಅಂದರೆ ಕೇಳಿದವರು ನಗುತ್ತಾರೆ. ದೊಡ್ಡತ್ತೆಗೆ ‘ನೀನು’ ಅಂದರೆ ಅವರ ಮುಖ ಸಣ್ಣದಾಗುತ್ತದೆ, ಮಗು ಯಾಕೆ ಹಾಗಂದಿತು ಅಂತ ಅಲ್ಲಿ ಯಾರೂ ಕೇಳಲ್ಲ. ಅದಕ್ಕೆ ಕಾಲ್ ಮಾಡೋಕೆ ಮುಂಚೆ ಇಬ್ಬರೂ ಆಟ ಆಡುತ್ತೇವೆ. ನಾನೇ ತಾತ, ಅವಳು ಮಾತಾಡಬೇಕು. ಕಾಲ್ ಶುರುವಾದ ಮೇಲೆ ನನ್ನ ಬಾಯಿಗೆ ಬೀಗ.

ವಿಭಕ್ತಿ ವಿಷಯದಲ್ಲಿ ಜರ್ಮನ್ ಸ್ವಲ್ಪ ಸಹಾಯ ಮಾಡಿದೆ. ಅಮೆರಿಕದಲ್ಲಿರುವ ಅಣ್ಣನ ಮಗ ಇಂಗ್ಲಿಷ್‌ನ "ಐ ಆಮ್ ಕೋಲ್ಡ್" ಥರ "ನಾನು ಚಳಿ" ಅನ್ನುತ್ತಾನೆ. ಇವಳು ಯಾವತ್ತೂ "ನನಗೆ ಚಳಿ". ಜರ್ಮನ್‌ನಲ್ಲೂ "ಮಿಯರ್ ಇಸ್ಟ್ ಕಾಲ್ಟ್", ಥೇಟ್ ನಮ್ಮ ಹಾಗೇ. ಆದರೆ ಜರ್ಮನ್‌ನಲ್ಲಿ ಹಸಿವು ಆಗೋದಿಲ್ಲ, ಪೆನ್ಸಿಲ್ ಥರ ನಮ್ಮ ಹತ್ರ ‘ಇರುತ್ತದೆ’, ಅದಕ್ಕೇ ಕೆಲವು ಸಲ "ನನ್ನ ಹತ್ರ ಹಸಿವಿದೆ" ಅಂತಾಳೆ. ಮೊದಲು ಊಟ ಹಾಕುತ್ತೇನೆ.

ಈಗ ಹೊಸ ತಲೆನೋವು. ಮೊನ್ನೆ ಗೆಳತಿ ಬಾಗಿಲಿಗೆ ಬಂದಾಗ "ಅಮ್ಮಾ, ಅದು ಬಂತು" ಅಂದಳು. ಜರ್ಮನ್‌ನಲ್ಲಿ ಹುಡುಗಿ ಅನ್ನೋ ಪದ ನಪುಂಸಕ ಲಿಂಗ, ಅದರ ಪ್ರಭಾವ ಅಂದುಕೊಂಡು "ಅವಳು ಬಂದಳು" ಅಂದೆ. ಒಳಗಿನಿಂದ ನಮ್ಮೆಜಮಾನರು ನಕ್ಕರು. ಅವರು ಪುತ್ತೂರಿನ ಹವ್ಯಕರು. ಅವರ ಮನೆಮಾತಾದ ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ‘ಅದು’, "ಅಕ್ಕ ಬಂತು" ಅನ್ನೋದೇ ಸರಿ. ಡಿಸೆಂಬರ್‌ನಲ್ಲಿ ಪುತ್ತೂರಿಗೆ ಹೊರಟಿದ್ದೇವೆ. ಅಲ್ಲಿ ಮಗಳು "ಅಜ್ಜಿ ಬಂತು" ಅಂದರೆ ನಾನು ಏನು ಮಾಡಲಿ? ಎರಡು ಕನ್ನಡ ಇರುವ ಮನೆಯವರು ಯಾರಾದರೂ ಇದ್ದರೆ ಹೇಳಿ.