43 ಇಂಚಿನ ಟಿವಿ: ಫುಲ್ ಎಚ್‌ಡಿ ಸಾಕೋ, 4ಕೆ ಬೇಕೋ? ತಿಳಿದವರು ಹೇಳ್ರಿ

ಪ್ರಶ್ನೆ (ಮುಳಗುಂದ ನಾಕಾ, ಗದಗ):
ಹಳೇ 24 ಇಂಚಿನ ಟಿವಿ ತೆಗೆದು 43 ಇಂಚಿಂದು ತರಬೇಕಂತ ಮಾಡೀವ್ರಿ. ಗ್ವಾಡಿಯಿಂದ ಕುರ್ಚಿಗೆ 9 ಅಡಿ ಐತಿ. ಈಗ ಇರೂದು ಕೇಬಲ್‌ನವರ ಸಾದಾ ಡಬ್ಬಿ, ಕೆಂಪು-ಬಿಳಿ-ಹಳದಿ ವೈರು. ಮಗಳು ಲ್ಯಾಪ್‌ಟಾಪ್ ಹಚ್ಚಿ ಪಾಠ ನೋಡ್ತಾಳ. ಒಂದು ಅಂಗಡ್ಯಾಗ ಫುಲ್ ಎಚ್‌ಡಿ ಸಾಕು ಅಂದ್ರು, ಇನ್ನೊಂದರಾಗ 4ಕೆ ಬಿಟ್ಟು ಬ್ಯಾರೆ ತಗೋಬ್ಯಾಡ್ರಿ ಅಂದ್ರು. ಎಚ್‌ಡಿ ರೆಡಿ ಅಂತ ಒಂದು ಐತಂತ, ರೇಟೂ ಕಡಿಮಿ. ಯಾವುದು ತರೂದು?

ಉತ್ತರ (ಕೇಶ್ವಾಪುರ, ಹುಬ್ಬಳ್ಳಿ):
ಟಿವಿ ಆಮ್ಯಾಲೆ ನೋಡೂಣ್ರಿ, ಮೊದಲು ಡಬ್ಬಿ ನೋಡ್ರಿ. ಸಾದಾ ಚಾನೆಲ್‌ನ ಚಿತ್ರ ಹೆಚ್ಚಂದ್ರ 720×576 ಚುಕ್ಕಿ (ಪಿಕ್ಸೆಲ್), ಅಂದ್ರ 4 ಲಕ್ಷದ 14 ಸಾವಿರ ಚಿಲ್ಲರೆ. ಫುಲ್ ಎಚ್‌ಡಿ ಪರದೆ 1920×1080, ಬರೋಬ್ಬರಿ ಅದರ 5 ಪಟ್ಟು. 4ಕೆ ಪರದೆ 3840×2160, ಸಾದಾ ಚಿತ್ರದ 20 ಪಟ್ಟು. ಹಂಗಾಗಿ 4ಕೆ ಟಿವಿಗೆ ಸಾದಾ ಚಾನೆಲ್ ಹಚ್ಚಿದ್ರ 20 ಚುಕ್ಕಿಯೊಳಗ 19 ಟಿವಿನೇ ಊಹೆ ಮಾಡಿ ತುಂಬಬೇಕು. ಮುಖ ಮೇಣದ ಗೊಂಬಿ ಹಂಗ ಕಾಣೂದು, ಕೆಳಗಿನ ಸುದ್ದಿ ಪಟ್ಟಿ ಅಕ್ಷರ ಹಿಂಜಿದಂಗ ಆಗೂದು ಇದರಿಂದನ. 24 ಇಂಚಿನ್ಯಾಗ ಮುಚ್ಚಿದ್ದ ಹುಳುಕು 43 ಇಂಚಿನ್ಯಾಗ ಎದ್ದು ಕಾಣತೈತಿ.

ಆ ಮೂರು ಬಣ್ಣದ ವೈರ್ ಮೊದಲು ತೆಗೀರಿ. ಅದರಾಗ ಎಚ್‌ಡಿ ಹರಿಯೂದೇ ಇಲ್ಲ. ಎಚ್‌ಡಿ ಡಬ್ಬಿ ಮತ್ತ ಎಚ್‌ಡಿಎಂಐ ಕೇಬಲ್ ಎರಡೂ ಬೇಕು. ಸಾದಾ ಡಬ್ಬಿಗೆ ಎಚ್‌ಡಿಎಂಐ ಕಿಂಡಿ ಇದ್ದರೂ ಒಳಗಿನ ಚಿತ್ರ ಸಾದಾನ.

ಉತ್ತರ (ಸಪ್ತಾಪುರ, ಧಾರವಾಡ):
ಅಂಗಡಿಯವರ ಮಾತು ಬಿಡ್ರಿ, ಟೇಪ್ ಹಿಡಿದು ಲೆಕ್ಕ ಮಾಡೂಣ. ನೆಟ್ಟಗ ಕಾಣೋ ಕಣ್ಣು, ಅಂದ್ರ 6/6 ದೃಷ್ಟಿ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರ ಬಿಡಿಸಿ ನೋಡ್ತದ. ಚುಕ್ಕಿಯ ಅಗಲದ ಸುಮಾರು 3,440 ಪಟ್ಟು ದೂರ ಹೋದ್ರ ಚುಕ್ಕಿ ಬಿಡಿಬಿಡಿಯಾಗಿ ಕಾಣೂದು ನಿಲ್ತದ.

43 ಇಂಚು ಅನ್ನೂದು ಮೂಲಿಯಿಂದ ಮೂಲಿಗೆ ಅಳತಿ. ಪರದೆಯ ಅಗಲ ಸುಮಾರು 95 ಸೆಂ.ಮೀ. ಫುಲ್ ಎಚ್‌ಡಿ ಆದ್ರ ಒಂದು ಚುಕ್ಕಿ ಅರ್ಧ ಮಿ.ಮೀ., ಮಿತಿ ದೂರ 1.7 ಮೀಟರ್, ಐದೂವರೆ ಅಡಿ ಅನ್ರಿ. 4ಕೆ ಆದ್ರ ಅದರ ಅರ್ಧ, 3 ಅಡಿಗೂ ಕಡಿಮಿ. 1366×768ರ ಎಚ್‌ಡಿ ರೆಡಿ ಆದ್ರ ಸುಮಾರು 8 ಅಡಿ. ನಿಮ್ಮ ಕುರ್ಚಿ 9 ಅಡಿಗೆ ಅದ. ಅಲ್ಲಿಂದ ಫುಲ್ ಎಚ್‌ಡಿ ಸಾಲವಲ್ದು ಅನ್ನಿಸಬೇಕಂದ್ರ ಟಿವಿ 70 ಇಂಚಿನ ಆಸುಪಾಸು ಇರಬೇಕಾಗ್ತದ. ಸಿನೆಮಾ, ಕ್ರಿಕೆಟ್ ನೋಡ್ಲಿಕ್ಕೆ 43ಕ್ಕ ಫುಲ್ ಎಚ್‌ಡಿ ಧಾರಾಳ ಸಾಕು.

ಹಂಗಂತ ಎಚ್‌ಡಿ ರೆಡಿ ತರಬ್ಯಾಡ್ರಿ. ಹುಡುಗರು 9 ಅಡಿಗೆ ಕೂಡೂದಿಲ್ಲ, ನೆಲದ ಮ್ಯಾಲೆ 4-5 ಅಡಿಗೆ ಬಂದು ಕೂಡ್ತಾರ. ಜೊತಿಗೆ 768 ಗೆರಿ ಅನ್ನೂದು ಎಚ್‌ಡಿ ವಿಡಿಯೊದ 720 ಗೆರಿಗೂ ಹೊಂದೂದಿಲ್ಲ, 1080ಕ್ಕೂ ಹೊಂದೂದಿಲ್ಲ. ಏನು ಹಚ್ಚಿದ್ರೂ ಹಿಗ್ಗಿಸಬೇಕು ಇಲ್ಲಾ ಕುಗ್ಗಿಸಬೇಕು, ಅಕ್ಷರದ ಅಂಚು ಕಲಸ್ತದ. ಎಚ್‌ಡಿ ರೆಡಿ 32 ಇಂಚಿನ ತನಕ, ಅದೂ ಬರೇ ಚಾನೆಲ್ ನೋಡೋರಿಗೆ ನಡೀತದ.

ಉತ್ತರ (ಹಾವೇರಿ):
ಮೇಲಿನ ಲೆಕ್ಕ ಸರಿ, ಆದರೆ ಅಂಗಡಿಯಲ್ಲಿ ಕೈಗೆ ಏನು ಬರುತ್ತದೆ ಎಂಬುದು ಬೇರೆ ಮಾತು. ಹೆಸರಿಲ್ಲದ ಟಿವಿಗಳ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘4ಕೆ ಸಪೋರ್ಟ್’ ಎಂದಿರುತ್ತದೆ. ಅದರರ್ಥ 4ಕೆ ವಿಡಿಯೊ ಕೊಟ್ಟರೆ ಓಡಿಸುತ್ತದೆ, ಕುಗ್ಗಿಸಿ ತೋರಿಸುತ್ತದೆ ಎಂದಷ್ಟೇ. ನೋಡಬೇಕಾದ್ದು ಪ್ಯಾನೆಲ್ ರೆಸಲ್ಯೂಶನ್ ಅಥವಾ ನೇಟಿವ್ ರೆಸಲ್ಯೂಶನ್ (ಪರದೆಯಲ್ಲೇ ಇರುವ ಚುಕ್ಕಿಗಳ ಲೆಕ್ಕ) ಎಂಬ ಸಾಲು. ಸಣ್ಣ ಪ್ರೊಜೆಕ್ಟರ್‌ಗಳಲ್ಲಿ ಈ ಆಟ ಇನ್ನೂ ಜಾಸ್ತಿ: ‘1080ಪಿ ಸಪೋರ್ಟ್’ ಎಂದು ಬರೆದು ಒಳಗೆ 800×480 ಇಟ್ಟಿರುತ್ತಾರೆ.

ಯೂಟ್ಯೂಬ್‌ನ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ನಲ್ಲಿ (ವಿಡಿಯೊದ ತಾಂತ್ರಿಕ ವಿವರ ತೋರಿಸುವ ಪಟ್ಟಿ) 2160 ಕಂಡರೂ ನಂಬಬೇಡಿ, ಅದು ಬಂದ ವಿಡಿಯೊದ ಅಳತೆ, ಪರದೆಯದ್ದಲ್ಲ. ಪೆನ್‌ಡ್ರೈವ್‌ನಲ್ಲಿ ಫೋಟೊ ಹಾಕಿ ಪರೀಕ್ಷಿಸುವುದೂ ಕೈಕೊಡುತ್ತದೆ. ನಿಜವಾದ 4ಕೆ ಟಿವಿಗಳಲ್ಲೂ ಮೆನು ಮತ್ತು ಫೋಟೊ ಆ್ಯಪ್ ಎಷ್ಟೋ ಸಲ 1080ರಲ್ಲೇ ಓಡುತ್ತವೆ.

ತಕರಾರಿಲ್ಲದ ಪರೀಕ್ಷೆ ಎಣಿಕೆ. ಪರದೆಯಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿಸಿ. ಕಾಗದದ ಪಟ್ಟಿಯ ಮೇಲೆ 1 ಸೆಂ.ಮೀ. ಗುರುತು ಮಾಡಿ, ಒತ್ತದೆ ಪರದೆಗೆ ತಾಗಿಸಿ ಹಿಡಿದು, ಮೊಬೈಲ್‌ನಿಂದ ಹತ್ತಿರದ ಫೋಟೊ ತೆಗೆಯಿರಿ. ದೊಡ್ಡದು ಮಾಡಿದರೆ ಕೆಂಪು-ಹಸಿರು-ನೀಲಿ ಮೂರರ ಗುಂಪುಗಳು ಕಾಣುತ್ತವೆ. ಒಂದು ಗುಂಪು ಒಂದು ಪಿಕ್ಸೆಲ್. 43 ಇಂಚಿನಲ್ಲಿ ಅಡ್ಡಕ್ಕೆ ಒಂದು ಸೆಂಟಿಮೀಟರ್‌ಗೆ ಸುಮಾರು 20 ಇದ್ದರೆ ಫುಲ್ ಎಚ್‌ಡಿ, 40 ಇದ್ದರೆ 4ಕೆ. 32 ಇಂಚಿನಲ್ಲಿ 19 ಎಚ್‌ಡಿ ರೆಡಿ, 27 ಫುಲ್ ಎಚ್‌ಡಿ. ಸ್ಟೀಲ್ ಪಟ್ಟಿ ಒತ್ತಬೇಡಿ, ಪ್ಯಾನೆಲ್‌ಗೆ ಗೀರು ಬೀಳುತ್ತದೆ, ಅಂಗಡಿಯವರು ಸುಮ್ಮನಿರುವುದಿಲ್ಲ.

ಉತ್ತರ (ವಿದ್ಯಾನಗರ, ಹುಬ್ಬಳ್ಳಿ):
ಧಾರವಾಡದ ಸರ್ ಲೆಕ್ಕ ಸಿನೆಮಾಕ್ಕ ಬರೋಬ್ಬರಿ ಐತ್ರಿ, ಆದ್ರ ಮಗಳ ಲ್ಯಾಪ್‌ಟಾಪ್ ಮರೆತಾರ. ಪಾಠದ ಅಕ್ಷರ 3-4 ಅಡಿಯಿಂದ ಓದೂದಾದ್ರ 4ಕೆ ಫರಕು ಖರೇನ ಕಾಣತೈತಿ. ಹಚ್ಚೂದ್ರಾಗ ಎಡವಟ್ಟು ಆಗೋ ಜಾಗ ಇವು.

ಲ್ಯಾಪ್‌ಟಾಪ್‌ನ ಕಿಂಡಿ ಎಚ್‌ಡಿಎಂಐ 1.4 ಇದ್ರ 4ಕೆ ಚಿತ್ರ ಸೆಕೆಂಡಿಗೆ 30 ಸಲ ಅಷ್ಟ ಹೋಗತೈತಿ, ಮೌಸ್ ಎಳೆದಂಗ ಆಗತೈತಿ. 60 ಬೇಕಂದ್ರ ಎರಡೂ ಕಡೆ 2.0 ಇರಬೇಕು. ಇಲ್ಲಂದ್ರ ಲ್ಯಾಪ್‌ಟಾಪ್‌ನ್ಯಾಗ 1920×1080, 60 ಹರ್ಟ್ಸ್ ಇಡ್ರಿ. 4ಕೆ ಪರದೆ ಅದರ ಸರೀ ಎರಡು ಪಟ್ಟು ಇರೂದಕ್ಕ ಚಿತ್ರ ಕೆಡೂದಿಲ್ಲ. ಕೇಬಲ್ 2-3 ಮೀಟರ್ ಸಾಕು, ‘ಪ್ರೀಮಿಯಂ ಹೈ ಸ್ಪೀಡ್’ ಅಂತ ಇದ್ದದ್ದು ತಗೋರಿ. ಉದ್ದನ್ನ ಸಸ್ತಾ ಕೇಬಲ್ ಹಾಕಿದ್ರ 4ಕೆದಾಗ ಪರದೆ ಆಗಾಗ ಕಪ್ಪಗಾಗತೈತಿ.

ಟಾಸ್ಕ್‌ಬಾರ್ ಅಂಚಿನ್ಯಾಗ ಕಟ್ ಆದ್ರ ಅದು ಓವರ್‌ಸ್ಕ್ಯಾನ್. ಟಿವಿ ಚಿತ್ರ ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸಿರತೈತಿ, ಫುಲ್ ಎಚ್‌ಡಿ ಟಿವಿನೂ ಮಸುಕು ಕಾಣತೈತಿ. ಪಿಕ್ಚರ್ ಸೈಜ್‌ಗೆ ಹೋಗಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಅಂತ ಇದ್ದದ್ದು ಆರಿಸ್ರಿ. ಕಪ್ಪು ಮ್ಯಾಲಿನ ಕೆಂಪು ಅಕ್ಷರ ಕಲಸಿದ್ರ ಆ ಇನ್‌ಪುಟ್‌ನ ಹೆಸರು ‘ಪಿಸಿ’ ಅಂತ ಬದಲಿ ಮಾಡ್ರಿ. ಬಾಳ ಟಿವಿಯೊಳಗ ಆಗ ಬಣ್ಣದ ವಿವರ ಪೂರ್ತಿ ಬರತೈತಿ.

ಉತ್ತರ (ರಾಣೇಬೆನ್ನೂರು):
4ಕೆ ತಂದು ಅದರಾಗ 4ಕೆ ನೋಡೂದಿಲ್ಲಾಂದ್ರ ಏನು ಉಪಯೋಗರಿ? ನೆಟ್‌ಫ್ಲಿಕ್ಸ್‌ನ್ಯಾಗ ಪ್ರೀಮಿಯಂ ಪ್ಲಾನ್‌ಗಷ್ಟ 4ಕೆ, ಸ್ಟ್ಯಾಂಡರ್ಡ್‌ಗ 1080, ಬೇಸಿಕ್‌ಗ 720. ಅವರ ಪ್ರಕಾರ 4ಕೆಗೆ ನೆಟ್ ಸ್ಪೀಡ್ 15 ಎಂಬಿಪಿಎಸ್, 1080ಕ್ಕ 5 ಬೇಕು. 15ರಂಗ ಓಡಿದ್ರ ತಾಸಿಗೆ 6.75 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನ್ಯಾಗ ನೋಡೋರು ದಿನದ ಪ್ಯಾಕ್ ಎಷ್ಟೊತ್ತಿಗೆ ಮುಗೀತೈತಿ ಲೆಕ್ಕ ಹಾಕ್ರಿ. ಇನ್ನೊಂದು, ಆಂಡ್ರಾಯ್ಡ್ ಟಿವಿಗೆ ವೈಡ್‌ವೈನ್ (ವಿಡಿಯೊ ನಕಲಾಗದಂಗ ಕಾಯೋ ಬೀಗ) ಎಲ್1 ಮಟ್ಟದ್ದು ಐತೇನು ಕೇಳ್ರಿ. ಎಲ್3 ಇದ್ರ ಪರದೆ ಎಂಥಾದ್ದಿದ್ರೂ ಇಂಥ ಆ್ಯಪ್‌ನ್ಯಾಗ ಸಾಮಾನ್ಯವಾಗಿ 480ರ ಚಿತ್ರನ ಬರತೈತಿ.

ಪ್ರಶ್ನೆ ಕೇಳಿದವರು (ಗದಗ):
ಬಾಳ ಉಪಕಾರ ಆತ್ರಿ ಎಲ್ಲಾರದು. ಎಚ್‌ಡಿ ಡಬ್ಬಿ ಹಾಕಿಸಿದ್ರ ಎಲ್ಲಾ ಚಾನೆಲ್ ಎಚ್‌ಡಿ ಆಗ್ತಾವೇನ್ರಿ? 4ಕೆ ಚಾನೆಲ್ ಬರ್ತಾವೇನು?

ಉತ್ತರ (ಕೇಶ್ವಾಪುರ, ಹುಬ್ಬಳ್ಳಿ):
ಇಲ್ರಿ. ಹೆಸರಿನ ಮುಂದ ಎಚ್‌ಡಿ ಅಂತ ಇದ್ದ ಚಾನೆಲ್ ಅಷ್ಟ ಎಚ್‌ಡಿ. ಅದರ ನಂಬರ್ ಬ್ಯಾರೆ, ರೊಕ್ಕನೂ ಬ್ಯಾರೆ. ಮನ್ಯಾಗ ನೋಡೋ ನಾಕೈದು ಚಾನೆಲ್‌ದು ಎಚ್‌ಡಿ ಹಾಕಿಸಿ, ಅವುಗಳ ಸಾದಾ ಜೋಡಿ ತೆಗಸ್ರಿ. ಎರಡಕ್ಕೂ ರೊಕ್ಕ ಕಟ್ಟೋರು ಬಾಳ ಮಂದಿ ಅದಾರ. 4ಕೆ ಚಾನೆಲ್ ನಂಬಿ ಟಿವಿ ತರಬ್ಯಾಡ್ರಿ. ನಮ್ಮ ಎಚ್‌ಡಿ ಚಾನೆಲ್ ಬರೂದು 1080ಐ, ಅಂದ್ರ ಸೆಕೆಂಡಿಗೆ 50 ಅರ್ಧ ಚಿತ್ರ, ಒಂದೊಂದರಾಗ 540 ಗೆರಿ. ಅವನ್ನ ಟಿವಿ ಕೂಡಿಸಬೇಕು. ಓಡೋ ಚೆಂಡಿಗೆ ಹಣಗಿ ಹಲ್ಲಿನಂಗ ಅಂಚು ಬಂದ್ರ ಈ ಕೂಡಿಸೂದು ಕೆಟ್ಟಿರತೈತಿ. ಡಬ್ಬಿಯ ವಿಡಿಯೊ ಔಟ್‌ಪುಟ್ ಮೊದಲು 1080ಐ ಇಟ್ಟು ನೋಡ್ರಿ, ಆಮ್ಯಾಲೆ 720ಪಿ (ಪಿ ಅಂದ್ರ ಅರ್ಧ ಅಲ್ಲ, ಪೂರ್ತಿ ಚಿತ್ರ). ಯಾವುದರಾಗ ಸ್ವಚ್ಛ ಕಾಣತೈತಿ ಅದನ್ನ ಇಡ್ರಿ. ಆಸ್ಪೆಕ್ಟ್ 16:9 ಇರಲಿ, ಸಾದಾ ಡಬ್ಬಿಯ 4:3 ಹಂಗ ಉಳಿದ್ರ ಎಲ್ಲಾರ ಮುಖನೂ ಅಗಲ ಕಾಣತಾವ.

ಅಂಗಡ್ಯಾಗ ಹಾಕಿದ ಬಣ್ಣಬಣ್ಣದ ಡೆಮೊ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಸಾದಾ ಕನ್ನಡ ಸುದ್ದಿ ಚಾನೆಲ್ ಒಂದು ಹಾಕ್ರಿ ಅಂತ ಕೇಳಿ, 9 ಅಡಿ ಹಿಂದಕ್ಕ ಸರಿದು ನಿಂತು ನೋಡ್ರಿ. ಲ್ಯಾಪ್‌ಟಾಪ್ ದಿನಾ ಹಚ್ಚೂದಿದ್ರ 4ಕೆ, ಇಲ್ಲಂದ್ರ ಫುಲ್ ಎಚ್‌ಡಿ ತಗೊಂಡು ಉಳಿದ ರೊಕ್ಕದಾಗ ಎಚ್‌ಡಿ ಡಬ್ಬಿ ಹಾಕಸ್ರಿ.